ಕಾರಿನ ಹೆಮ್ಮೆ, ಹೆದ್ದಾರಿಯ ಅಳುಕು

ಹೊನ್ನಾವರ–ಕುಮಟಾ ನಡುವಿನ ಹಳದೀಪುರದಲ್ಲಿಯೂ ಮನೆಯಂಗಳದ ಕಾರು ಹೆಮ್ಮೆಯ ವಸ್ತುವೇ. ಆದರೆ ಮಳೆಗಾಲದ ಇರುಳಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ಕ್ಕಿಳಿದೊಡನೆ ಅದೇ ಕಾರು ಎದೆಬಡಿತವನ್ನು ಹೆಚ್ಚಿಸುತ್ತದೆ. ಈ ಅಳುಕನ್ನು ಹೇಡಿತನವೆಂದು ಹತ್ತಿಕ್ಕುವುದು ತರವಲ್ಲ. ದೇಹ ನೀಡುವ ಆ ಎಚ್ಚರಿಕೆಯೇ ರೂಢಿಯ ಬದಲಾವಣೆಗೆ ಪ್ರೇರಣೆಯಾಗಬೇಕು. ರೋಗಿಯನ್ನು ಆಸ್ಪತ್ರೆಗೆ ಒಯ್ಯಲು ಕಾರು ಬೇಕು. ಪೇಟೆಯ ನಿತ್ಯದ ಕೆಲಸಕ್ಕೆ ಬಸ್ಸು ಸಾಲದೇ? 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪಯಣ ಉಚಿತವಾಗಿದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಲ್ದಾಣದವರೆಗಿನ ಚುರುಕು ನಡಿಗೆಯೂ ಆ ಲೆಕ್ಕಕ್ಕೆ ಸೇರುತ್ತದೆ. ಕಾರನ್ನು ತ್ಯಜಿಸಬೇಕಿಲ್ಲ. ಕೀಲಿಕೈ ಹಿಡಿಯುವ ಮುನ್ನ, ಈ ಪಯಣ ಅಗತ್ಯವೋ ಬರಿಯ ಅಭ್ಯಾಸವೋ ಎಂದು ನಮ್ಮನ್ನೇ ಕೇಳಿಕೊಳ್ಳೋಣ.