ಬೀಡಿ ಬಿಟ್ಟವರ ಸೊಂಟ ಅಳೆಯುವವರು ಯಾರು?

‘ಬೀಡಿ ಬಿಟ್ರ ಮೈ ಬರ್ತದ, ಸಕ್ರಿ ಏರ್ತದ’ ಎಂದು ನಮ್ಮ ಮೋರಟಗಿಯ ಕಟ್ಟೆಗಳ ಮೇಲೆ ಕೂತವರು ಹೇಳುವ ಮಾತಿನಲ್ಲಿ ಸಾಕಷ್ಟು ನಿಜವಿದೆ. ಭಾಷಣ ಮಾಡುವವರು, ಗೋಡೆ ಮೇಲೆ ಬರೆಸುವವರು ಈ ನಿಜವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಯಾರೂ ಬೀಡಿ ಬಿಡಲಿಕ್ಕಿಲ್ಲ ಎಂಬ ಹೆದರಿಕೆ ಅವರಿಗೆ. ನಾನು ಕಂಡದ್ದು ಬೇರೆ. ಮೊದಲೇ ಯಾರೂ ಹೇಳದೆ ಇದ್ದುದಕ್ಕೇ ಬಿಟ್ಟವರು ಹೊಟ್ಟೆ ನೋಡಿಕೊಂಡು ಗಾಬರಿಯಾಗಿ ಮತ್ತೆ ಕಡ್ಡಿ ಗೀರಿದ್ದಾರೆ.

ಸಿಂದಗಿಯಿಂದ ಜೇವರ್ಗಿಗೆ ಹೋಗುವ ರಸ್ತೆಯ ಊರು ನಮ್ಮದು. ಇಲ್ಲಿ ನನ್ನದೊಂದು ಔಷಧದ ಅಂಗಡಿ, ಎದುರಿಗೆ ಪಾನ್ ಅಂಗಡಿ. ಅಂಗಿಯ ಒಂದೇ ಕಿಸೆಯಲ್ಲಿ ಮೆಟ್‌ಫಾರ್ಮಿನ್ ಸ್ಟ್ರಿಪ್ಪನ್ನೂ ಬೀಡಿ ಕಟ್ಟನ್ನೂ ಇಟ್ಟುಕೊಂಡು ಹೋಗುವವರನ್ನು ದಿನಾ ನೋಡುತ್ತೇನೆ. ನಾನೂ ಅವರ ಪೈಕಿಯೇ. ಸಕ್ಕರೆ ಬೇನೆ ಇದೆ, ಬೀಡಿಯೂ ಇತ್ತು. ಬೀಡಿ ಹೋಯಿತು, ಹೊಟ್ಟೆ ಬಂತು. ಪ್ಯಾಂಟಿನ ಸೊಂಟ ಬಿಚ್ಚಿಸಿ ಹೊಲಿಸಲು ಹೋದರೆ ಟೇಲರ್ ಹುಡುಗ ಟೇಪು ಹಿಡಿದು, ‘ಮಾಮಾ, ಬೀಡಿ ಬಿಟ್ಟೀರಿ ಕಾಣ್ತದ’ ಅಂದ. ನನ್ನ ಸೊಂಟವನ್ನು ಅಲ್ಲಿಯವರೆಗೆ ಅಳತೆ ಮಾಡಿದ್ದವನು ಅವನೊಬ್ಬನೇ. ನನ್ನ ಸಕ್ಕರೆ ನೋಡುತ್ತಿದ್ದ ಯಾವ ದವಾಖಾನೆಯಲ್ಲೂ ಟೇಪು ಹೊರಗೆ ಬಂದಿರಲಿಲ್ಲ. ‘ಸೇದ್ತೀರೇನ್ರಿ?’ ಎಂದು ಕೇಳಿದವರೂ ಇರಲಿಲ್ಲ.

ನಿಕೋಟಿನ್ ಹಸಿವನ್ನು ಅದುಮಿಡುತ್ತದೆ. ಸುಮ್ಮನೆ ಕೂತಾಗಲೂ ದೇಹ ತುಸು ಹೆಚ್ಚು ಶಕ್ತಿ ಸುಡುವಂತೆ ಮಾಡುತ್ತದೆ. ಅದು ನಿಂತ ಮೇಲೆ ನಾಲಿಗೆಗೆ ರುಚಿ ತಿರುಗಿ ಬರುತ್ತದೆ, ಹೊಟ್ಟೆ ಕೇಳುತ್ತದೆ, ಸುಡುವುದು ಮಾತ್ರ ಮೊದಲಿನಷ್ಟಿರುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಲೆಕ್ಕದ ಪ್ರಕಾರ, ಔಷಧದ ನೆರವಿಲ್ಲದೆ ಬಿಟ್ಟವರಿಗೆ ಒಂದು ವರ್ಷದಲ್ಲಿ ಸರಾಸರಿ 4.7 ಕಿಲೊ ಏರಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ 3 ತಿಂಗಳಲ್ಲೇ. ಕೆಲವರಿಗೆ ತೂಕ ಇಳಿದೂ ಇತ್ತು, ಕೆಲವರಿಗೆ 10 ಕಿಲೊ ದಾಟಿತ್ತು. ಸಕ್ಕರೆಯದೂ ಹೀಗೇ. ಬ್ರಿಟನ್ನಿನಲ್ಲಿ ಸೇದುವ ಅಭ್ಯಾಸವಿದ್ದ 10 ಸಾವಿರಕ್ಕೂ ಹೆಚ್ಚು ಸಕ್ಕರೆ ಬೇನೆಯವರ ದಾಖಲೆ ತೆಗೆದು ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. ಬಿಟ್ಟ ಮೊದಲ ವರ್ಷ ಮೂರು ತಿಂಗಳ ಸಕ್ಕರೆಯ ಲೆಕ್ಕ, ಅಂದರೆ ಎಚ್‌ಬಿಎ1ಸಿ, 0.21ರಷ್ಟು ಮೇಲೇರಿತ್ತು. 3 ವರ್ಷದ ಹೊತ್ತಿಗೆ ಸೇದುತ್ತಲೇ ಇದ್ದವರ ಮಟ್ಟಕ್ಕೆ ಇಳಿಯಿತು. ತೂಕವೇ ಅದಕ್ಕೆ ಕಾರಣ ಎಂದೂ ಅಲ್ಲಿ ಕಂಡುಬರಲಿಲ್ಲ. 8 ಇದ್ದದ್ದು 8.2 ಆದರೆ ಡಾಕ್ಟರು ಗುಳಿಗೆ ತುಸು ಸರಿಮಾಡಿಕೊಡಬಹುದು. ಮುಂಚೆಯೇ ಗೊತ್ತಿದ್ದವನು ಇಷ್ಟಕ್ಕೆ ಹೆದರುವುದಿಲ್ಲ. ಗೊತ್ತಿಲ್ಲದವನಿಗೆ ಮಾತ್ರ ಲ್ಯಾಬಿನ ಚೀಟಿ ಕೈಗೆ ಬಂದಾಗ ಕಟ್ಟೆಯವರೇ ದೊಡ್ಡ ಡಾಕ್ಟರಾಗಿ ಕಾಣುತ್ತಾರೆ.

ಆದರೆ ಕಟ್ಟೆಯವರು ಕಾಲಿನ ಮಾತು ತೆಗೆಯುವುದಿಲ್ಲ. ಎರೆಹೊಲದಲ್ಲಿ ಬರಿಗಾಲಲ್ಲಿ ಅಡ್ಡಾಡುವ ಮಂದಿ ನಾವು. ಸಕ್ಕರೆ ಕಾಲಿನ ನರಕ್ಕೆ ಜೋಮು ಹಿಡಿಸುತ್ತದೆ, ಬೀಡಿ ಕಾಲಿಗೆ ಹೋಗುವ ರಕ್ತನಾಳವನ್ನು ಬಿಗಿಯುತ್ತದೆ. ಜಾಲಿಮುಳ್ಳು ಹೊಕ್ಕದ್ದು ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕೀವು, ಆಮೇಲೆ ಕಪ್ಪು. ವಿಜಯಪುರಕ್ಕೆ ಹೋಗಿ ಬೆರಳು ತೆಗೆಸಿಕೊಂಡು ಬಂದವರು ಬ್ಯಾಂಡೇಜು, ಹತ್ತಿ ಕೊಳ್ಳಲು ನನ್ನಲ್ಲಿಗೇ ಬರುತ್ತಾರೆ. ಕೆಲವರು ಕಟ್ಟು ಹಾಕಿದ ಕಾಲಿನಲ್ಲೇ ರಸ್ತೆ ದಾಟಿ ಪಾನ್ ಅಂಗಡಿಗೂ ಹೋಗುತ್ತಾರೆ. ಹೃದಯದ ಲೆಕ್ಕವೂ ಸ್ಪಷ್ಟವಿದೆ. ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ತೂಕ ಎಷ್ಟೇ ಏರಿದ್ದರೂ ಬಿಟ್ಟವರಲ್ಲಿ ಹೃದಯದ ಕಾಯಿಲೆಯಿಂದ ಸತ್ತವರು ಸೇದುವವರಿಗಿಂತ ಕಡಿಮೆ. ಅದೇ ಅಧ್ಯಯನ ಇನ್ನೊಂದು ಮಾತು ಹೇಳುತ್ತದೆ: ಬಿಟ್ಟು ತೂಕ ಏರಿಸಿಕೊಂಡವರಿಗೆ ಸಕ್ಕರೆ ಬೇನೆ ಬರುವ ಸಂಭವ ಕೆಲವು ವರ್ಷ ಹೆಚ್ಚಿರುತ್ತದೆ, ತೂಕ ಏರದವರಿಗೆ ಹೆಚ್ಚುವುದಿಲ್ಲ. ಬೇನೆ ಇನ್ನೂ ಅಂಟದ ನಮ್ಮ ಮಕ್ಕಳಿಗೆ ಇದು ಮುಖ್ಯ.

ಚಟ ಬಿಡಿಸುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಹಳೆಯ ಅಖಂಡ ವಿಜಾಪುರ ಜಿಲ್ಲೆಯ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಳು ಬೇಡ, ರೊಕ್ಕ ಬೇಡ, ನಿಮ್ಮ ದುಶ್ಚಟ ಹಾಕಿರಿ ಎಂದು ಬೇಡಿದರು. ಬೀಡಿ, ಗುಟ್ಕಾ, ಸೆರೆ ಬಿಡುತ್ತೇವೆಂದು ಮಂದಿ ಆ ಜೋಳಿಗೆಗೆ ಮಾತು ಕೊಟ್ಟರು. 2018ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ನಾಲ್ಕು ಮಂದಿ ಎದುರಿಗೆ ಕೊಟ್ಟ ಮಾತಿಗೆ ನಮ್ಮಲ್ಲಿ ಇರುವ ತೂಕ ಯಾವ ಔಷಧಕ್ಕೂ ಇಲ್ಲ ಎಂದು ಔಷಧ ಮಾರುವ ನಾನೇ ಹೇಳುತ್ತೇನೆ. ನನ್ನ ತಕರಾರು ಜೋಳಿಗೆಯ ಮೇಲಲ್ಲ, ಅದರಾಚೆ ಏನೂ ಕಟ್ಟದ ನಮ್ಮ ಮೇಲೆ. ಮಾತು ಕೊಟ್ಟವನನ್ನು ಎರಡನೇ ತಿಂಗಳಲ್ಲಿ ಯಾರು ಹೋಗಿ ಮಾತಾಡಿಸುತ್ತಾರೆ?

ಎರಡನೇ ತಿಂಗಳು ಹೇಗಿರುತ್ತದೆಂದು ಹೇಳುತ್ತೇನೆ. ಮುಂಜಾನೆ ಚರಗಿ ತಗೊಂಡು ಹೋದವನಿಗೆ ಬೀಡಿ ಇಲ್ಲದೆ ಹೊಟ್ಟೆ ಜಾಡಿಸುವುದಿಲ್ಲ. ನಗಬೇಡಿ, ಬೀಡಿಗೆ ಮರಳಿದ ಎಷ್ಟೋ ಮಂದಿ ನನ್ನ ಕೌಂಟರಿನ ಮೇಲೆ ಬಗ್ಗಿ, ದನಿ ಇಳಿಸಿ ಹೇಳಿದ ಕಾರಣ ಇದೇ. ನಿಕೋಟಿನ್ ಕರುಳನ್ನೂ ಕುಣಿಸುತ್ತದೆ. ಅದು ನಿಂತಾಗ ಕೆಲವು ವಾರ ಮಲಬದ್ಧತೆ ಇರುವುದುಂಟು. ಬಿಸಿನೀರು, ಮೆಂತ್ಯ ಪಲ್ಲೆ, ಬೇಕಿದ್ದರೆ ಇಸಬಗೋಲು, ಇಷ್ಟರಲ್ಲಿ ಸರಿಹೋಗುತ್ತದೆ. ಆದರೆ ಯಾರಾದರೂ ಮುಂಚೆ ಹೇಳಿರಬೇಕಲ್ಲ! ಆಮೇಲೆ ಖಾಲಿ ಕೈ. ಬೀಡಿ ಹಿಡಿಯುತ್ತಿದ್ದ ಬೆರಳು ಚುರುಮುರಿಗೆ, ಶೇಂಗಾಕ್ಕೆ, ಸಂಜೆ ಮಿರ್ಚಿಭಜಿಗೆ ಹೋಗುತ್ತವೆ. ಒಂದು ಬೀಡಿಯ ಜಾಗದಲ್ಲಿ ಒಂದು ಕಪ್ ಸಕ್ಕರೆ ಚಹಾ. ಕೆಲವರು ತಂಬಾಕು-ಸುಣ್ಣ ತಿಕ್ಕಿ ತುಟಿಯೊಳಗಿಟ್ಟು ‘ಬೀಡಿ ಬಿಟ್ಟೀನಿ’ ಎನ್ನುತ್ತಾರೆ. ನಿಕೋಟಿನ್ ಬಾಗಿಲು ಬದಲಿಸಿತು, ಅಷ್ಟೆ. ಸೇದಬೇಕೆಂಬ ಒತ್ತಡ ಬಂದರೆ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತಿಗೆ ನನಗೆ ಒದಗಿದ್ದು ಇಂಡಿ ಊರಿನ ಲಿಂಬೆ: ನೀರು, ಉಪ್ಪು, ಲಿಂಬೆರಸ, ಸಕ್ಕರೆ ಇಲ್ಲ.

ರೊಟ್ಟಿಯ ಬಗ್ಗೆಯೂ ಹೇಳಲೇಬೇಕು, ಮಂದಿ ಸಿಟ್ಟಾದರೂ ಅಡ್ಡಿಯಿಲ್ಲ. ‘ಜ್ವಾಳದ ರೊಟ್ಟಿ ಉಂಡ್ರ ಸಕ್ರಿ ಏರಂಗಿಲ್ಲ’ ಎಂಬ ಅಭಿಮಾನ ನಮ್ಮದು. ಜೋಳದಲ್ಲಿ ನಾರಿದೆ, ನಿಜ. ಆದರೆ ಅದೂ ಹಿಟ್ಟೇ. ಎತ್ತು ಹೂಡುತ್ತಿದ್ದಾಗ ಉಣ್ಣುತ್ತಿದ್ದ ಐದು ರೊಟ್ಟಿಯನ್ನೇ, ಟ್ರ್ಯಾಕ್ಟರ್ ಬಂದು ಕಟ್ಟೆ ಮೇಲೆ ಕೂತ ಮೇಲೂ ಉಣ್ಣುತ್ತೇವೆ. ಎರಡು ರೊಟ್ಟಿ, ಅದಕ್ಕೆ ಮಡಕಿಕಾಳಿನ ಪಲ್ಲೆಯೋ ಸೊಪ್ಪಿನ ಬ್ಯಾಳಿಯೋ ಹೆಚ್ಚಾಗಿ, ಮೇಲೆ ಹಸಿ ಉಳ್ಳಾಗಡ್ಡಿ, ಸೌತಿಕಾಯಿ. ಶೇಂಗಾ ಹಿಂಡಿ ಚಮಚದಲ್ಲಿ ಬರಲಿ, ಮುಷ್ಟಿಯಲ್ಲಿ ಬೇಡ. ಉಂಡ ಮೇಲೆ ಹದಿನೈದು ನಿಮಿಷ ಓಣಿಯಲ್ಲಿ ಅಡ್ಡಾಡಿದರೆ ರಕ್ತದ ಸಕ್ಕರೆಯ ಏರಿಕೆ ತಗ್ಗುತ್ತದೆ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಯಾರೂ ನಡೆಯಲಾರರು, ರಾತ್ರಿ ಊಟದ ಮೇಲೆ ಸಾಕು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಹೋಳಿಗೆ ಬೇಡವೆಂದು ನಾನಂತೂ ಹೇಳುವುದಿಲ್ಲ.

ಗುಳಿಗೆಗಳ ವಿಚಾರ ಡಾಕ್ಟರದು, ನನ್ನದಲ್ಲ. ಆದರೂ ಬೀಡಿ ಬಿಡುತ್ತಿದ್ದೇನೆಂದು ಅವರಿಗೆ ತಿಳಿಸಿದರೆ ಲಾಭವಿದೆ. ಗ್ಲಿಮೆಪಿರೈಡ್, ಇನ್ಸುಲಿನ್ ತೂಕ ಏರಿಸಬಲ್ಲವು, ಮೆಟ್‌ಫಾರ್ಮಿನ್ ಏರಿಸುವುದಿಲ್ಲ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತುಸು ಇಳಿಸುತ್ತವೆ. ಇನ್ಸುಲಿನ್ ಹಾಕಿಕೊಳ್ಳುವವರು ಬಿಟ್ಟ ಮೊದಲ ವಾರಗಳಲ್ಲಿ ಸಕ್ಕರೆ ಹೆಚ್ಚು ಸಲ ನೋಡಿಕೊಳ್ಳಬೇಕು. ನಿಕೋಟಿನ್ ಗಮ್ ಇದೆ, ಆದರೆ ಅದನ್ನು ಎಲೆಅಡಿಕೆ ಜಗಿದಂತೆ ಜಗಿದರೆ ಬರೀ ಬಿಕ್ಕಳಿಕೆ. ನಾಲ್ಕು ಸಲ ಕಚ್ಚಿ ಗಲ್ಲದ ಸಂದಿಗೆ ಇಡಬೇಕು, ಚಹಾದ ಜೊತೆ ಬೇಡ. ಹಲ್ಲಿಲ್ಲದ ಕಾಕಾಗಳಿಗೆ ಅದೂ ಆಗದು. ಅವರಿಗೆ ಬೇರೆ ಮದ್ದುಗಳಿವೆ, ಡಾಕ್ಟರೇ ಬರೆಯಬೇಕು.

2025ರಲ್ಲಿ ರಾಜ್ಯದ ಕಾನೂನು ತಿದ್ದುಪಡಿಯಾಗಿ ತಂಬಾಕು ಕೊಳ್ಳುವ ವಯಸ್ಸು 21ಕ್ಕೆ, ಸಾರ್ವಜನಿಕವಾಗಿ ಸೇದಿದರೆ ದಂಡ 1,000 ರೂಪಾಯಿಗೆ ಏರಿತು. ಒಳ್ಳೆಯದೇ. ತನ್ನ ಮನೆ ಅಂಗಳದಲ್ಲಿ ಸೇದುವ 55ರ ಸಕ್ಕರೆ ರೋಗಿಗೆ ಅದರಿಂದ ಏನೂ ಆಗದು. ಚಟ ಬಿಡಲು ಸಹಾಯ ಮಾಡುವ ಉಚಿತ ದೂರವಾಣಿ 1800-11-2356 ಇದೆ. ಸಂಖ್ಯೆಯನ್ನು 2018ರಿಂದ ಪಾಕೀಟಿನ ಮೇಲೆಯೇ ಅಚ್ಚು ಹಾಕುತ್ತಾರೆ. ಬಿಡಿಬಿಡಿಯಾಗಿ ನಾಲ್ಕು ಬೀಡಿ ಕೊಳ್ಳುವವನಿಗೆ ಅದು ಕಾಣುವುದೇ ಇಲ್ಲ. ನನ್ನ ಅಂಗಡಿಯಲ್ಲಿ ಮೆಟ್‌ಫಾರ್ಮಿನ್ ಕೊಡುವ ಕವರಿನ ಮೇಲೆ ಪೆನ್ನಿನಿಂದ ಬರೆದು ಕೊಡುತ್ತೇನೆ.

ಸರಕಾರಿ ದವಾಖಾನೆಯ ಸಕ್ಕರೆ ತಪಾಸಣೆಯ ದಿನ ಕೇಳಬೇಕಾದದ್ದು ದೊಡ್ಡದೇನಲ್ಲ. ಕಾರ್ಡಿನಲ್ಲಿ ಸಕ್ಕರೆ, ಬಿಪಿ ಪಕ್ಕದಲ್ಲಿ ಎರಡು ಖಾನೆ: ತಂಬಾಕು, ಸೊಂಟ. ಗಂಡಸರಿಗೆ 90 ಸೆಂಟಿಮೀಟರ್, ಹೆಣ್ಣುಮಕ್ಕಳಿಗೆ 80, ಇದು ನಮ್ಮ ದೇಶದವರಿಗೆ ಹಾಕಿದ ಮಿತಿ. ಹಲ್ಲಿಗೆ ತಂಬಾಕಿನ ಪುಡಿ ತಿಕ್ಕುವ ಅವ್ವಂದಿರನ್ನೂ ಕೇಳಬೇಕು, ಅವರನ್ನು ಯಾರೂ ಕೇಳುವುದಿಲ್ಲ. ಬಿಡುತ್ತೇನೆ ಅಂದವನಿಗೆ ಆ ಕ್ಷಣವೇ, ‘ನಾಲ್ಕೈದು ಕಿಲೊ ಬರಬಹುದು, ಸಕ್ರಿ ತುಸು ಏರಬಹುದು, ಹೆದರಬ್ಯಾಡ್ರಿ, ಮುಂದಿನ ತಿಂಗಳು ಬರ್ರಿ’ ಎಂದು ಹೇಳಿ ತಾರೀಖು ಬರೆದುಕೊಡಬೇಕು. ಬರದಿದ್ದರೆ ಆಶಾ ತಂಗಿ ಮನೆಗೆ ಹೋಗಿ ಕೇಳಬೇಕು, ಆ ಕೆಲಸಕ್ಕೆ ಅವಳಿಗೆ ಬೇರೆ ರೊಕ್ಕವೂ ಸಿಗಬೇಕು. ಇನ್ನು ಆಗಸ್ಟ್ 1ರಂದು ಶಾಲೆಯ ಮಕ್ಕಳು ಫಲಕ ಹಿಡಿದು ನಮ್ಮ ಬಸ್‌ಸ್ಟ್ಯಾಂಡಿಗೆ ಬಂದಾಗ, ಜೋಳಿಗೆಯ ಪಕ್ಕದಲ್ಲಿ ಒಂದು ಮೇಜು, ಒಂದು ತೂಕದ ಯಂತ್ರ, ಒಂದು ಟೇಪು ಇಡಲಿ. ಹಿಂದಿನ ವರ್ಷ ಮಾತು ಕೊಟ್ಟವರನ್ನು ಮೊದಲು ಕರೆದು ಅಳೆಯಲಿ, ಹೊಸಬರ ಸರದಿ ಆಮೇಲೆ. ಮೇಜು, ಟೇಪು ನಾನು ಕೊಡುತ್ತೇನೆ. ತೂಕದ ಯಂತ್ರ ಪಂಚಾಯ್ತಿಯವರು ತರಲಿ.