ಟಿವಿ ಒಂದೂವರೆ ಅಡಿ ಕೆಳಗಿಳಿಯಲಿ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಳೆಯ 32 ಇಂಚಿನ ಟಿವಿಯನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು 43 ಇಲ್ಲವೇ 55 ಇಂಚಿನದನ್ನು ತರಲು ಮಧ್ಯಮ ವರ್ಗದ ಮನೆಗಳಿಗೆ ಇನ್ನೊಂದು ಕಾರಣ ಸಿಕ್ಕಂತಾಗಿದೆ. ಯಾವ ಕಂಪನಿ, ಎಷ್ಟು ಇಎಂಐ, ಎಷ್ಟು ವರ್ಷ ವಾರಂಟಿ ಎಂದು ವಾರಗಟ್ಟಲೆ ವಿಚಾರಿಸುವವರೂ ಅದನ್ನು ಗೋಡೆಯ ಮೇಲೆ ಎಷ್ಟು ಎತ್ತರದಲ್ಲಿ ಕೂರಿಸಬೇಕು ಎಂಬುದನ್ನು ಮಾತ್ರ ಡ್ರಿಲ್ಲಿಂಗ್ ಮಷಿನ್ ಹಿಡಿದು ಬಂದ ಹುಡುಗನಿಗೆ ಬಿಡುತ್ತಾರೆ. ಅವನು ಹಳೆಯ ಬ್ರಾಕೆಟ್ಟಿನ ತೂತುಗಳನ್ನೋ ಸ್ವಿಚ್‌ಬೋರ್ಡಿನ ಎತ್ತರವನ್ನೋ ನೋಡಿ ‘ಇಲ್ಲಿ ಸಾಕಾ ಸಾರ್?’ ಎನ್ನುತ್ತಾನೆ. ಮನೆಯವರು ನಿಂತಲ್ಲಿಂದಲೇ ನೋಡಿ ಹೂಂ ಎನ್ನುತ್ತಾರೆ. ಟಿವಿ ನೋಡುವುದು ಕೂತು ಎಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಹೀಗಾಗಿಯೇ ನಮ್ಮ ಬಹಳಷ್ಟು ಮನೆಗಳಲ್ಲಿ ಟಿವಿ ಇರಬೇಕಾದ್ದಕ್ಕಿಂತ ಒಂದೂವರೆ, ಎರಡು ಅಡಿ ಮೇಲೆ ಕೂತಿದೆ. ಪರದೆ ದೊಡ್ಡದಾದಷ್ಟೂ ಈ ತಪ್ಪಿನ ಬೆಲೆ ಹೆಚ್ಚುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಸೋಫಾದಲ್ಲಿ ಆರಾಮವಾಗಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ, ಅಂದರೆ 42 ಇಂಚು ಎತ್ತರದಲ್ಲಿರುತ್ತದೆ. ಚಾಪೆಯ ಮೇಲೆ ಕೂತವರದು ಎರಡೂವರೆ ಅಡಿಯ ಆಸುಪಾಸು. ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕೆ ಬಂದರೆ ತಲೆ ಎತ್ತದೆ, ತಗ್ಗಿಸದೆ ನೋಡಬಹುದು. ಅಂಗಡಿಯವರು ಹೇಳುವ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು. 32 ಇಂಚಿನ ಪರದೆಯ ನಿಜವಾದ ಎತ್ತರ ಸುಮಾರು 16 ಇಂಚು, 43ರದು 21, 55ರದು 27, 65ರದು 32. ನಡುಭಾಗವನ್ನು 42 ಇಂಚಿಗೇ ನಿಲ್ಲಿಸಿದರೆ 32 ಇಂಚಿನ ಟಿವಿಯ ಕೆಳ ಅಂಚು ನೆಲದಿಂದ 34 ಇಂಚಿನಲ್ಲಿ ಬರುತ್ತದೆ, 55ರದು ಇಪ್ಪತ್ತೆಂಟೂವರೆಯಲ್ಲಿ, 65ರದು 26ರಲ್ಲಿ. ಎಂದರೆ ಟಿವಿ ದೊಡ್ಡದಾದಂತೆ ಅದರ ಕೆಳ ಅಂಚು ಕೆಳಕ್ಕಿಳಿಯಬೇಕು. ಆದರೆ ಮನೆಗಳಲ್ಲಿ ನಡೆಯುವುದು ತಿರುಗುಮುರುಗು. ಹಳೆಯ ಟಿವಿಯ ಕೆಳ ಅಂಚು ಎಲ್ಲಿತ್ತೋ ಹೊಸದರದ್ದನ್ನೂ ಅಲ್ಲೇ ಉಳಿಸಿಕೊಂಡು, ಹೆಚ್ಚಾದ ಎತ್ತರವನ್ನೆಲ್ಲ ಮೇಲಕ್ಕೆ ತಳ್ಳುತ್ತಾರೆ.

ಇದರ ಪರಿಣಾಮವನ್ನೂ ಅಳೆದು ನೋಡಬಹುದು. 55 ಇಂಚಿನ ಟಿವಿಯ ನಡುಭಾಗ ಐದೂವರೆ ಅಡಿಯಲ್ಲಿದೆ, ಹತ್ತು ಅಡಿ ದೂರದ ಸೋಫಾದಲ್ಲಿ ಕೂತಿದ್ದೀರಿ ಎಂದಿಟ್ಟುಕೊಳ್ಳಿ. ಪರದೆಯ ಮೇಲಂಚು ನೋಡಲು ದೃಷ್ಟಿ ಸುಮಾರು 17 ಡಿಗ್ರಿ ಮೇಲಕ್ಕೆ ಹೋಗಬೇಕು. ನೆಲದ ಮೇಲೆ ಕೂತ ಮಗುವಿಗೋ ಅಜ್ಜಿಗೋ ಅದು 22 ಡಿಗ್ರಿ ದಾಟುತ್ತದೆ. ಅದೇ ಟಿವಿಯ ನಡುಭಾಗ ಮೂರೂವರೆ ಅಡಿಯಲ್ಲಿದ್ದರೆ ಸೋಫಾದವರಿಗೆ ಆರು ಡಿಗ್ರಿ ಚಿಲ್ಲರೆ ಸಾಕು. ವಿಶ್ರಾಂತಿಯಲ್ಲಿರುವಾಗ ನಮ್ಮ ದೃಷ್ಟಿ ಸಹಜವಾಗಿ ಸ್ವಲ್ಪ ಕೆಳಗೇ ಇರುತ್ತದೆ. ಕಂಪ್ಯೂಟರ್ ಪರದೆಯ ಮೇಲಂಚು ಕಣ್ಣಿನ ಮಟ್ಟವನ್ನು ಮೀರಬಾರದು ಎಂದು ಕಚೇರಿಗಳಲ್ಲಿ ಹೇಳುವುದು ಇದಕ್ಕೇ. ದೂರದ ಟಿವಿಗೆ ಅಷ್ಟು ಬಿಗಿ ಬೇಡ, ನಿಜ. ಆದರೂ ಸಂಜೆ ಎರಡು ಗಂಟೆ ಧಾರಾವಾಹಿ, ರಾತ್ರಿ ಕ್ರಿಕೆಟ್ ಎಂದು ಕೂರುವ ಮನೆಯಲ್ಲಿ ಈ ಡಿಗ್ರಿಗಳು ದಿನದಿನವೂ ಕೂಡುತ್ತಾ ಹೋಗುತ್ತವೆ. ಮೇಲಕ್ಕೆ ನೋಡುವಾಗ ರೆಪ್ಪೆ ಹೆಚ್ಚು ತೆರೆದು ಕಣ್ಣು ಬೇಗ ಒಣಗುತ್ತದೆ. ಕುತ್ತಿಗೆಯ ಮೂಳೆ ಸವೆದ ಹಿರಿಯರಿಗೆ ತಲೆ ಎತ್ತಿ ಕೂರುವುದೇ ಶಿಕ್ಷೆ. ಮನೆಯಲ್ಲಿ ಅತಿ ಹೆಚ್ಚು ಹೊತ್ತು ಟಿವಿ ಮುಂದೆ ಕೂರುವವರೂ ಹಲವು ಕಡೆ ಅವರೇ.

ಈ ಎತ್ತರದ ರೂಢಿ ಹೋಟೆಲು, ಬಸ್ ನಿಲ್ದಾಣ, ಆಸ್ಪತ್ರೆಯ ಕಾಯುವ ಕೊಠಡಿಗಳಿಂದ ಮನೆಗೆ ಬಂದಿದೆ ಎಂದೇ ನನಗನ್ನಿಸುತ್ತದೆ. ಅಲ್ಲಿ ಜನ ನಿಂತಿರುತ್ತಾರೆ, ಓಡಾಡುತ್ತಾರೆ, ಯಾರೂ ಮುಟ್ಟಬಾರದು, ಹತ್ತು ನಿಮಿಷ ನೋಡಿದರೆ ಹೆಚ್ಚು. ಅಲ್ಲಿಗೆ ಆ ಎತ್ತರ ಸರಿ. ಹಾಲ್‌ಗೆ ಈ ಯಾವ ಕಾರಣವೂ ಅನ್ವಯಿಸುವುದಿಲ್ಲ.

ಎತ್ತರ ತಿಳಿದ ಮಾತ್ರಕ್ಕೆ ಬ್ರಾಕೆಟ್ ಸರಿಯಾದ ಜಾಗಕ್ಕೆ ಬರುವುದಿಲ್ಲ, ಎಡವುವುದು ಇಲ್ಲೇ. ಟಿವಿಯ ಹಿಂದಿನ ನಾಲ್ಕು ಸ್ಕ್ರೂ ತೂತುಗಳ ಅಂತರಕ್ಕೆ ‘ವೆಸಾ’ ಎಂಬ ಮಾನದಂಡವಿದೆ: 100×100, 200×200, 400×400 ಮಿಲಿಮೀಟರ್ ಹೀಗೆ. ಆದರೆ ಆ ತೂತುಗಳು ಟಿವಿಯ ನಟ್ಟನಡುವೆ ಇರಬೇಕೆಂದೇನಿಲ್ಲ. ಎಷ್ಟೋ ಮಾದರಿಗಳಲ್ಲಿ ಅವು ಕೆಳಭಾಗಕ್ಕೆ ಸರಿದಿರುತ್ತವೆ. ಹಾಗಾಗಿ ಗೋಡೆಗೆ ಗುರುತು ಹಾಕುವ ಮುಂಚೆ ಟಿವಿಯ ಮೇಲಂಚಿನಿಂದ ಮೇಲಿನ ತೂತುಗಳವರೆಗೆ ಟೇಪ್ ಹಿಡಿಯಬೇಕು. ಚೌಕಟ್ಟು ಸೇರಿ 28 ಇಂಚು ಎತ್ತರದ ಟಿವಿಯಲ್ಲಿ ಆ ಅಂತರ 12 ಇಂಚು ಇದೆ ಎನ್ನಿ. 42ಕ್ಕೆ ಟಿವಿಯ ಅರ್ಧ ಎತ್ತರ 14 ಕೂಡಿಸಿ 12 ಕಳೆದರೆ 44. ಮೇಲಿನ ತೂತುಗಳು ನೆಲದಿಂದ 44 ಇಂಚಿನಲ್ಲಿ ಬರಬೇಕು. ಗೋಡೆಯ ಪಟ್ಟಿಯ ತೂತಿಗೂ ಟಿವಿ ತೂಗುಬೀಳುವ ಕೊಕ್ಕೆಗೂ ಇರುವ ವ್ಯತ್ಯಾಸವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಇದೆಲ್ಲ ಐದು ನಿಮಿಷದ ಕೆಲಸ. ಹಳೆಯ ತೂತಿಗೇ ಹೊಸ ಟಿವಿ ತೂಗುಹಾಕುವುದು ಎರಡು ನಿಮಿಷದ ಕೆಲಸ, ಅದಕ್ಕೇ ಅದು ಗೆಲ್ಲುತ್ತಿದೆ.

ಟಿಲ್ಟ್ ಬ್ರಾಕೆಟ್ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಟಿವಿಯನ್ನು ಮುಂದಕ್ಕೆ ಬಾಗಿಸಿದರೆ ಚಿತ್ರ ಸುಧಾರಿಸುತ್ತದೆ, ನಿಜ. ಕೆಳಗಿನಿಂದ ನೋಡಿದರೆ ಬಣ್ಣ ಮಾಸುವ ‘ವಿಎ’ ಪ್ಯಾನೆಲ್‌ಗಳಲ್ಲಿ ಇದು ಚೆನ್ನಾಗಿಯೇ ಕಾಣುತ್ತದೆ. ಆದರೆ ಬಾಗಿದ ಟಿವಿ ಕೆಳಗಿಳಿಯುವುದಿಲ್ಲ, ಕುತ್ತಿಗೆ ಎತ್ತುವ ಕೋನ ಅಷ್ಟೇ ಉಳಿಯುತ್ತದೆ. ಇನ್ನು ಮಕ್ಕಳ ವಿಷಯ. ತಗ್ಗಿನಲ್ಲಿದ್ದರೆ ಎಳೆದು ಬೀಳಿಸಿಕೊಳ್ಳುತ್ತಾರೆ ಎಂಬ ಭಯ ಸ್ಟ್ಯಾಂಡಿನ ಮೇಲೆ ಸುಮ್ಮನೆ ನಿಂತ ಟಿವಿಗೆ ಹೆಚ್ಚು ಸಲ್ಲುತ್ತದೆ. ಗೋಡೆಗೆ ಗಟ್ಟಿಯಾಗಿ ಬಿಗಿದದ್ದು ಬೀಳುವುದು ಎತ್ತರ ತಪ್ಪಿದ್ದರಿಂದಲ್ಲ, ಪ್ಲಗ್ಗು ಸಡಿಲವಿದ್ದುದರಿಂದ. ಹಗುರ ಎಎಸಿ ಬ್ಲಾಕ್, ಹಾಲೋ ಬ್ಲಾಕ್ ಗೋಡೆಗಳಿಗೆ ಇಟ್ಟಿಗೆ ಗೋಡೆಯ ಸಾದಾ ಪ್ಲಗ್ಗು ಸಾಲದು, ಅವಕ್ಕೆಂದೇ ಮಾಡಿದ ಆಂಕರ್ ಬೇಕು. ಒಪ್ಪಲೇಬೇಕಾದ ಆಕ್ಷೇಪ ಒಂದೇ: ಒಂದೇ ಕೋಣೆಯಲ್ಲಿ ಮಂಚ, ಪೆಟ್ಟಿಗೆ, ಅಡುಗೆ ಎಲ್ಲವೂ ಇರುವ ಮನೆಗೆ ಗೋಡೆಯ ಕೆಳಭಾಗ ಬಿಟ್ಟುಕೊಡುವ ಅನುಕೂಲವಿಲ್ಲ. ಅಂಥಲ್ಲಿ ಟಿವಿ ಮೇಲಿರುವುದು ಅನಿವಾರ್ಯ. ಪರದೆ ಚಿಕ್ಕದಿರಲಿ, ಟಿಲ್ಟ್ ಬ್ರಾಕೆಟ್ ಇರಲಿ. ಮಲಗಿ ನೋಡುವ ಕೋಣೆಯಲ್ಲೂ ಕೊಂಚ ಎತ್ತರ ಸರಿಯೇ.

ಆದರೆ ಇಷ್ಟಗಲ ಗೋಡೆ ಖಾಲಿ ಇರುವ ಹೊಸ ಫ್ಲ್ಯಾಟುಗಳಲ್ಲೂ ಟಿವಿ ಪಾಯಿಂಟ್ ಐದು ಅಡಿಯಲ್ಲೇ ಬರುತ್ತಿದೆ. ಯಾವ ಟಿವಿ ಬರುತ್ತದೆಂದು ಗೊತ್ತಾಗುವ ವರ್ಷಗಳ ಮುಂಚೆಯೇ ಬಿಲ್ಡರ್ ಈ ತೀರ್ಮಾನ ಮಾಡಿಬಿಟ್ಟಿರುತ್ತಾನೆ. ಮನೆಯವರು ಆಮೇಲೆ ವಯರ್ ಮುಚ್ಚಲೆಂದು ಟಿವಿಯನ್ನು ಅಲ್ಲಿಗೇ ಏರಿಸುತ್ತಾರೆ. ಪಾಯಿಂಟ್ ಗೋಡೆಯ ನಟ್ಟನಡುವೆ ಇದ್ದರಂತೂ ಬ್ರಾಕೆಟ್ಟಿಗೇ ಜಾಗ ಸಿಗುವುದಿಲ್ಲ. ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರ್ ಆಗುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ: ಸಾಕೆಟ್ ನಡುವಿನಿಂದ ಒಂದು ಅಡಿ ಪಕ್ಕಕ್ಕೆ ಸರಿಯಲಿ, ನೆಲದಿಂದ ಮೂರು ಅಡಿಯ ಸುತ್ತ ಇರಲಿ, ಅಲ್ಲಿಂದ ಕೆಳಗಿನ ಸೆಟ್‌ಟಾಪ್ ಬಾಕ್ಸಿನ ಜಾಗಕ್ಕೆ ಎರಡಿಂಚಿನ ಪೈಪ್ ಇಳಿಯಲಿ. ಈಗಾಗಲೇ ಮನೆ ಇರುವವರು ಹೊಸ ಟಿವಿ ಬಂದ ದಿನ, ತೂತು ಕೊರೆಯುವ ಮುಂಚೆ, ಮನೆಯ ಹಿರಿಯರನ್ನು ಅವರು ದಿನವೂ ಕೂರುವ ಜಾಗದಲ್ಲೇ ಕೂರಿಸಿ ನೆಲದಿಂದ ಅವರ ಕಣ್ಣಿನವರೆಗೆ ಟೇಪ್ ಹಿಡಿಯಿರಿ.