ಮೊದಲು ಕೀಲಿಮಣೆಗೆ ನೈದಾನಿಕ ಪರೀಕ್ಷೆ

ಬಿ.ಇಡಿ.ಯಲ್ಲಿ ನಾವು ನೈದಾನಿಕ ಪರೀಕ್ಷೆಯನ್ನೂ ಪರಿಹಾರ ಬೋಧನೆಯನ್ನೂ ಓದುತ್ತೇವೆ. ಮಗು ಎಲ್ಲಿ, ಏಕೆ ಎಡವುತ್ತಿದೆ ಎಂದು ತಿಳಿದ ಮೇಲೆಯೇ ಪರಿಹಾರ ಎಂಬುದು ಅದರ ತಿರುಳು. ಇದೇ ಶಿಸ್ತು ಶಾಲೆಯ ಲ್ಯಾಪ್‌ಟಾಪ್ ಕೀಲಿಮಣೆಗೂ ಬೇಕು ಎಂಬುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ಯಂತ್ರದ ದೋಷ ಮಗುವಿನ ಲೆಕ್ಕಕ್ಕೆ ಬೀಳುತ್ತದೆ.

ಇಂಗ್ಲಿಷಿನಲ್ಲಿ ಒಂದು ಕೀಲಿ ಕೆಟ್ಟರೆ ಒಂದು ಅಕ್ಷರ ಮಾಯವಾಗುತ್ತದೆ, ದೋಷ ಕೂಡಲೇ ಕಾಣುತ್ತದೆ. ಕನ್ನಡದಲ್ಲಿ ಹಾಗಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ‘ನುಡಿ’ ತಂತ್ರಾಂಶದಲ್ಲಿ ನಾವು ಬಳಸುವ ಕೀಲಿಮಣೆ 26 ಕೀಲಿಗಳಲ್ಲೇ ಕನ್ನಡವನ್ನೆಲ್ಲ ಹಿಡಿದಿಟ್ಟಿದೆ. ಅದರಲ್ಲಿ ಎಫ್ ಕೀಲಿ ಒತ್ತಕ್ಷರ ಕೂಡಿಸುತ್ತದೆ. ಅದು ಕೆಲಸ ಮಾಡದಿದ್ದರೆ ‘ಅಮ್ಮ’ ‘ಅಮಮ’ ಆಗುತ್ತದೆ, ‘ಅಕ್ಷರ’ ‘ಅಕಷರ’ ಆಗುತ್ತದೆ, ಶ್ರೀನಿವಾಸಪುರ ‘ಶರೀನಿವಾಸಪುರ’ ಆಗುತ್ತದೆ. ದೀರ್ಘಸ್ವರ, ಮಹಾಪ್ರಾಣ, ಣ, ಳ, ಅನುಸ್ವಾರಗಳಿಗೆ ಶಿಫ್ಟ್ ಬೇಕು. ಶಿಫ್ಟ್ ಕೈಕೊಟ್ಟರೆ ‘ಕೋಣ’ ‘ಕೊನ’ವಾಗುತ್ತದೆ, ‘ಹೇಳು’ ‘ಹೆಲು’ ಆಗುತ್ತದೆ.

ಈ ತಪ್ಪುಗಳನ್ನು ನೋಡಿದರೆ ಯಾರಿಗಾದರೂ ನೆನಪಾಗುವುದು ಕಾಗುಣಿತ ಬಾರದ ಮಗು. ಮುಳಬಾಗಿಲು, ಶ್ರೀನಿವಾಸಪುರದ ಗಡಿ ಹಳ್ಳಿಗಳಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು. ‘ಮನೇಲಿ ತೆಲುಗು ಅಲ್ವಾ, ಅದಕ್ಕೇ ಹೀಗೆ’ ಎಂಬ ವಿವರಣೆ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ನಾನು ಅಭ್ಯಾಸ ಬೋಧನೆಗೆ ಹೋಗಿದ್ದ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ‘ಸಾರ್, ನಂಗೆ ಒತ್ತಕ್ಷರ ಬರಲ್ಲ’ ಎಂದಳು. ಅವಳ ನೋಟ್‌ಬುಕ್ಕಿನಲ್ಲಿ ಒಂದು ಒತ್ತೂ ತಪ್ಪಿರಲಿಲ್ಲ. ಪರದೆಯನ್ನು ನಂಬಿ ತನ್ನ ಕೈಬರಹವನ್ನೇ ಅನುಮಾನಿಸುತ್ತಿದ್ದಳು.

ದೋಷ ಪತ್ತೆಗೆ ಐದೇ ನಿಮಿಷ ಸಾಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು, ವಿಜ್ಞಾನ ಪಾಠದಲ್ಲಿ ಚರಗಳನ್ನು ನಿಯಂತ್ರಿಸುವ ಹಾಗೆ.

ಮೊದಲು ಇಂಗ್ಲಿಷಿಗೆ ಬದಲಿಸಿ ಎಫ್ ಒತ್ತಿ. ಅಕ್ಷರ ಮೂಡಿದರೆ ಕೀಲಿ ಸರಿಯಿದೆ, ವಿನ್ಯಾಸದ ಆಯ್ಕೆ ತಪ್ಪಿದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಒತ್ತು ಕೂಡಿಸುವುದು ಡಿ ಕೀಲಿ. ಎಡ ಶಿಫ್ಟ್ ಕೆಲಸ ಮಾಡದಿದ್ದರೆ ಬಲದ್ದನ್ನು ಒತ್ತಿ ನೋಡಿ. ಕೀಲಿಯನ್ನು ಗಟ್ಟಿಯಾಗಿ ಹಿಡಿದಾಗ ಮಾತ್ರ ಅಕ್ಷರ ಬರುತ್ತಿದ್ದರೆ ವಿಂಡೋಸ್‌ನ ಫಿಲ್ಟರ್ ಕೀಸ್ ಚಾಲೂ ಆಗಿರಬಹುದು. ಬಲ ಶಿಫ್ಟನ್ನು 8 ಸೆಕೆಂಡ್ ಹಿಡಿದರೆ ಅದನ್ನು ಚಾಲೂ ಮಾಡುವ ಪ್ರಶ್ನೆ ಪರದೆಗೆ ಬರುತ್ತದೆ, ಮಕ್ಕಳು ಗೊತ್ತಿಲ್ಲದೆ ಒಪ್ಪಿರುತ್ತಾರೆ. ಇದ್ಯಾವುದೂ ಅಲ್ಲದಿದ್ದರೆ ಒಮ್ಮೆ ರೀಸ್ಟಾರ್ಟ್ ಮಾಡಿ, ಯುಎಸ್‌ಬಿ ಕೀಲಿಮಣೆ ಸಿಕ್ಕಿಸಿ. ಅದರಲ್ಲಿ ಸರಿ ಬಂದರೆ ದೋಷ ಲ್ಯಾಪ್‌ಟಾಪಿನ ಕೀಲಿಮಣೆಯದು. ಅದರಲ್ಲೂ ಬಾರದಿದ್ದರೆ ತಂತ್ರಾಂಶದ್ದು.

ಒಂದೇ ಕೀಲಿ ಕೆಟ್ಟಿದ್ದರೆ ಹೆಚ್ಚಾಗಿ ಅದರಡಿ ದೂಳೋ ಸೀಮೆಸುಣ್ಣದ ಪುಡಿಯೋ ಸೇರಿರುತ್ತದೆ. ಚಾರ್ಜರ್ ತೆಗೆದು, ಲ್ಯಾಪ್‌ಟಾಪ್ ಆಫ್ ಮಾಡಿ, ಬೋರಲು ಹಿಡಿದು ಮೆಲ್ಲಗೆ ತಟ್ಟಿ, ಮೆತ್ತನೆಯ ಬ್ರಷ್ ಆಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹಲವು ಕೀಲಿಗಳು ಒಟ್ಟಿಗೆ ಸತ್ತಿದ್ದರೆ ಕಾರಣ ಬೇರೆ. ಪ್ರತಿ ಕೀಲಿಗೂ ಒಂದೊಂದು ತಂತಿ ಇರುವುದಿಲ್ಲ. ಕೀಲಿಗಳು ಅಡ್ಡಸಾಲು–ಕಂಬಸಾಲುಗಳ ಜಾಲದಲ್ಲಿರುತ್ತವೆ. 8 ಅಡ್ಡ, 16 ಕಂಬ ಎಂದರೆ 24 ತಂತಿಗಳಲ್ಲಿ 128 ಸಂಧಿಗಳು. ಒಂದು ತಂತಿ ಕಡಿದರೆ ಅದರ ಮೇಲಿನ ಕೀಲಿಗಳೆಲ್ಲ ಸಾಯುತ್ತವೆ. ಇದು ರಿಪೇರಿಯವರ ಕೆಲಸ. ಆದರೆ ಮಾತೃಕೆಗೂ ವಿದ್ಯುತ್ ಮಂಡಲಕ್ಕೂ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆಲ್ಲಿ ಸಿಗುತ್ತದೆ?

‘ಅದು ಮೆಕ್ಯಾನಿಕ್ ಕೆಲಸ, ಶಿಕ್ಷಕರದ್ದಲ್ಲ’ ಎಂದು ಕೆಲವು ಸಹಪಾಠಿಗಳು ಹೇಳುತ್ತಾರೆ. ಬಿಚ್ಚುವುದು ಮೆಕ್ಯಾನಿಕ್ ಕೆಲಸವೇ, ನಾವು ಸ್ಕ್ರೂ ಮುಟ್ಟುವುದು ಬೇಡ. ಆದರೆ ತಪ್ಪು ಮಗುವಿನದೋ ಕೀಲಿಯದೋ ಎಂದು ತೀರ್ಮಾನಿಸುವುದು ಶಿಕ್ಷಕರ ಕೆಲಸ, ಅದನ್ನು ಬೇರೆಯವರಿಗೆ ಬಿಡಲಾಗದು. ಅಲ್ಲದೆ ಹಳ್ಳಿಯ ಶಾಲೆಯಿಂದ ಲ್ಯಾಪ್‌ಟಾಪ್ ಕೋಲಾರಕ್ಕೋ ಮಾಲೂರಿಗೋ ರಿಪೇರಿಗೆ ಹೋಗಿ ಬರುವಷ್ಟರಲ್ಲಿ ಆ ಘಟಕವೇ ಮುಗಿದಿರುತ್ತದೆ.

ಎರಡು ವರ್ಷದ ಬಿ.ಇಡಿ.ಯಲ್ಲಿ ಐಸಿಟಿ ಪತ್ರಿಕೆಯೂ ಇದೆ, ಶಾಲಾ ಇಂಟರ್ನ್‌ಶಿಪ್ಪೂ ಇದೆ. ಹಾಗಾಗಿ ಉಪನ್ಯಾಸಕರಲ್ಲಿ ಮೂರು ಕೋರಿಕೆ. ಐಸಿಟಿ ಪ್ರಾಯೋಗಿಕದಲ್ಲಿ ಒಂದು ಅವಧಿಯನ್ನು ಕೆಟ್ಟ ಕೀಲಿಮಣೆಗಳಿಗೆ ಮೀಸಲಿಡಿ. ಲ್ಯಾಪ್‌ಟಾಪನ್ನು ಬೋಧನೋಪಕರಣವೆಂದು ಬರೆದ ಪ್ರತಿ ಪಾಠ ಯೋಜನೆಯಲ್ಲೂ ‘ಕೈಕೊಟ್ಟರೆ ಏನು ಮಾಡುವೆ’ ಎಂಬ ಒಂದು ಸಾಲು ಕಡ್ಡಾಯ ಮಾಡಿ. ಪಾಠ ವೀಕ್ಷಣೆಯಲ್ಲಿ ಉಪಕರಣ ಕೆಟ್ಟಿತೆಂದು ಅಂಕ ಕಳೆಯುವ ಬದಲು ಪ್ರಶಿಕ್ಷಣಾರ್ಥಿ ಅದನ್ನು ಹೇಗೆ ನಿಭಾಯಿಸಿದರೆಂದು ನೋಡಿ.

ನನ್ನ ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದೇ ಮಾತು. ಮಗು ಟೈಪ್ ಮಾಡಿದ್ದರಲ್ಲಿ ತಪ್ಪು ಕಂಡರೆ, ಅದೇ ಪದವನ್ನು ಅದೇ ಕೀಲಿಮಣೆಯಲ್ಲಿ ಮೊದಲು ನೀವು ಒತ್ತಿ ನೋಡಿ.